ಮೊದಲೇ ಮಾತು ಮುಗಿಸಿದ ಅಧ್ಯಕ್ಷರು

ಕರೆಂಟು ಹೋಗಬಹುದಿತ್ತು. ಜನರೇಟರಿನವನು ಡೀಸೆಲ್ ತರುತ್ತೇನೆಂದು ಹೋಗಿ ಸ್ಟೇಶನ್ ರಸ್ತೆಯ ಚಹಾದಂಗಡಿಯಲ್ಲೇ ಕೂತುಬಿಡಬಹುದಿತ್ತು. ಗಜೇಂದ್ರಗಡದ ಹುಡುಗರನ್ನು ತರುವ ಬಸ್ಸು ರೋಣ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನರಗುಂದದ ಹುಡುಗರು ಸಭೆಗೆ ಬರುವ ಬದಲು ನೇರ ಹೊಳೆಗೆ ಹೋಗಿ, ಅವರಲ್ಲೊಬ್ಬ ತನಗೆ ಈಜು ಬರುತ್ತದೆ ಎಂದುಕೊಂಡು... ಈ ವಾಕ್ಯವನ್ನು ನಾನು ಮನಸ್ಸಿನಲ್ಲಿ ಕೂಡ ಪೂರ್ತಿ ಮಾಡುತ್ತಿರಲಿಲ್ಲ. ಹುಗ್ಗಿ ತಳ ಹತ್ತಬಹುದಿತ್ತು. ಮಂಗಲ ಕಾರ್ಯಾಲಯದ ಮಾಲೀಕರಿಗೆ ಅದೇ ದಿನಕ್ಕೊಂದು ಮದುವೆಯನ್ನೂ ಒಪ್ಪಿಕೊಂಡದ್ದು ಆ ಬೆಳಿಗ್ಗೆಯೇ ನೆನಪಾಗಬಹುದಿತ್ತು. ಮಳೆ ಬರಬಹುದಿತ್ತು. ಅಥವಾ ಮಳೆಯೇ ಬಾರದೆ, ಹೊಳೆಯಲ್ಲಿ ನೀರೂ ಇಲ್ಲದೆ, ಏನನ್ನು ಉಳಿಸಲು ಬಂದಿದ್ದೀರಿ ಎಂದು ಯಾರಾದರೂ ಕೇಳಬಹುದಿತ್ತು.

ಇಷ್ಟೆಲ್ಲ ತಲೆಯಲ್ಲಿ ಹೊತ್ತು, ಹೊಳೆ ಉಳಿಸುವ ಸಮ್ಮೇಳನದ ಬೆಳಿಗ್ಗೆ ಕೀಲಿಗೊಂಚಲು ಹಿಡಿದು ಹೊಳೆಆಲೂರಿನ ಆ ಕಾರ್ಯಾಲಯಕ್ಕೆ ನಾನು ಓಡಿಬಂದರೆ, ಹೊರಗಿನ ಕಟ್ಟೆಯ ಮೇಲೆ ಅಧ್ಯಕ್ಷರು ಆಗಲೇ ಕೂತಿದ್ದರು. ಬಿಳಿ ಧೋತರ, ಕೊರಳವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ತಲೆಯ ಮೇಲೆ ಹಳದಿ ಪಟಗ. ಪಟಗದ ಕೆಳಗಿಂದ ಎರಡೂ ಕಡೆ ಅಗಲವಾಗಿ ಹೊರಬಂದ ಕಿವಿಗಳು. ಆ ಕಿವಿಗಳೊಳಗಿಂದ ಎದ್ದ ಬಿಳಿ ಕೂದಲು. ಎಳೆಬಿಸಿಲು ಹಿಂದಿನಿಂದ ಬಿದ್ದು ಕಿವಿಗಳೆರಡೂ ಕೆಂಪಗೆ ಹೊಳೆಯುತ್ತಿದ್ದವು. ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಬಾಯಲ್ಲೊಂದು ಲವಂಗ ಇಟ್ಟುಕೊಂಡು, ಸಭೆ ಆಗಲೇ ಶುರುವಾಗಿದೆಯೇನೋ ಎಂಬಂತೆ ಕೂತಿದ್ದರು.

ನಮ್ಮ ಸೀಮೆಯಲ್ಲಿ ಎಲ್ಲರೂ ಅವರನ್ನು ಅಧ್ಯಕ್ಷರು ಎನ್ನುತ್ತಿದ್ದರು. ಯಾವುದರ ಅಧ್ಯಕ್ಷರು ಎಂದು ಹೊರಗಿನವರು ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನರಗುಂದದ ಪೇಟೆಯಲ್ಲಿ ಅವರದು ಅಜ್ಜನ ಕಾಲದ ಅಡತಿ ಅಂಗಡಿ, ಕಾಳುಕಡಿಯ ದಲ್ಲಾಳಿ ವ್ಯಾಪಾರ. ಬೆಣ್ಣೆಹಳ್ಳದ ದಂಡೆಗೆ ಹೊಲ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಇವರು ಸಭೆಗಳನ್ನು ನೋಡಿಕೊಳ್ಳುತ್ತಿದ್ದರು. ಶಾಲೆಯ ವಾರ್ಷಿಕ ಗ್ಯಾದರಿಂಗ್ ಇರಲಿ, ಕಣ್ಣಿನ ತಪಾಸಣೆಯ ಶಿಬಿರ ಇರಲಿ, ನರಗುಂದದಿಂದ ಗಜೇಂದ್ರಗಡದವರೆಗೆ ಎಲ್ಲಿ ಒಂದು ವೇದಿಕೆ ಕಟ್ಟಿದರೂ ಅದರ ನಡುವಿನ ಕುರ್ಚಿ ಅವರದು. ಯಾವ ಪಕ್ಷಕ್ಕೂ ಸೇರಿದವರಲ್ಲ, ಯಾರೊಡನೆಯೂ ಜಗಳವಿಲ್ಲ, ಭಾಷಣ ಉದ್ದವಿಲ್ಲ. ಅಧ್ಯಕ್ಷರಾಗಲು ಇದಕ್ಕಿಂತ ಹೆಚ್ಚಿನ ಯೋಗ್ಯತೆ ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಅವರ ಕೂರುವಿಕೆಯೇ ಒಂದು ವಿದ್ಯೆ. ಉಳಿದ ಗಣ್ಯರು ವೇದಿಕೆಯ ಮೇಲೆ ಆಕಳಿಸುತ್ತಾರೆ, ಪಕ್ಕದವರ ಕಿವಿ ಕಚ್ಚುತ್ತಾರೆ, ಚಹಾ ಎಲ್ಲಿದೆ ಎಂದು ಕಣ್ಣಲ್ಲೇ ಕೇಳುತ್ತಾರೆ. ಇವರು ಅಲುಗುತ್ತಿರಲಿಲ್ಲ. ಹೊದಿಸಿದ ಶಾಲನ್ನು ಸಭೆ ಮುಗಿದ ಮೇಲೆ ನೀಟಾಗಿ ಮಡಚಿ, ಸಂಘಟಕರ ಕೈಗೇ ವಾಪಸು ಕೊಡುತ್ತಿದ್ದರು. "ಮುಂದಿನ ಸಭಾಕ್ಕ ಬರ್ತೈತಿ, ಇಟ್ಕೋರಿ." ಹೀಗಾಗಿ ಒಂದೇ ಕಂದು ಶಾಲು ಎಷ್ಟೋ ವರ್ಷ ನಮ್ಮ ಊರುಗಳ ನಡುವೆ ಓಡಾಡಿಕೊಂಡಿತ್ತು ಎಂದು ನನ್ನ ಗುಮಾನಿ.

ಒಮ್ಮೆ ಗಜೇಂದ್ರಗಡದಲ್ಲಿ ಯಾರೋ ಕಾರ್ಯಕ್ರಮವನ್ನು ಮುಂದಕ್ಕೆ ಹಾಕಿ, ಇವರಿಗೊಬ್ಬರಿಗೆ ತಿಳಿಸುವುದನ್ನು ಮರೆತಿದ್ದರಂತೆ. ಇವರು ಬಸ್ ಸ್ಟ್ಯಾಂಡಿನಿಂದ ನಡೆದು ಹೋಗಿ, ಬಾಗಿಲು ತೆರೆದಿದ್ದ ಖಾಲಿ ಸಭಾಭವನದಲ್ಲಿ ಒಂದು ಕುರ್ಚಿ ಹಾಕಿಕೊಂಡು, ಸಭೆ ಮುಗಿಯಬೇಕಾದ ಹೊತ್ತಿನವರೆಗೆ ಕೂತು, ಎದ್ದು ಬಂದಿದ್ದರು. ಯಾರೂ ಇಲ್ಲದ ಸಭೆಯಲ್ಲಿ ಏನು ಮಾಡಿದಿರಿ ಎಂದು ನಾನು ಕೇಳಿದೆ.

"ಅಧ್ಯಕ್ಷತಾ ಮಾಡಿದೆ," ಎಂದರು. "ಭಾಷಣ ಇರಲಿಲ್ಲ. ಚಲೋ ಆತು."

ನನಗೂ ಅವರಿಗೂ ಗುರುತಾದದ್ದು ಕೂಡ ವೇದಿಕೆಯ ಮೇಲೆಯೇ. ನಮ್ಮ ಮನೆ ಆಗ ನರಗುಂದದಲ್ಲಿ, ಅವರ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ಶಾಲೆಯ ಗ್ಯಾದರಿಂಗಿನಲ್ಲಿ ಭಾಷಣ ಮಾಡಲು ನನ್ನನ್ನು ನಿಲ್ಲಿಸಿದ್ದರು. "ಮಾನ್ಯ ಅಧ್ಯಕ್ಷರೇ" ಎಂದೆ. ಮುಂದಿನದೆಲ್ಲ, ಬಾಯಿಪಾಠ ಮಾಡಿದ ಅಷ್ಟೂ ಮಾತು, ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಎರಡನೆಯ ಸಲ "ಮಾನ್ಯ ಅಧ್ಯಕ್ಷರೇ" ಎಂದೆ. ಜನ ನಗತೊಡಗಿದರು. ಕೆಳಗಿಳಿದು ಬೇವಿನ ಮರದ ಹಿಂದೆ ಹೋಗಿ ನಿಂತೆ. ಕೊನೆಯಲ್ಲಿ ಅಧ್ಯಕ್ಷರು ಎದ್ದು, ಮಾತಾಡಿದ ಒಬ್ಬೊಬ್ಬ ಹುಡುಗನ ಬಗ್ಗೆ ಒಂದೊಂದು ಮಾತು ಹೇಳಿ, ನನ್ನ ಸರದಿಗೆ ಬಂದಾಗ, "ಒಬ್ಬಾಂವ ನನ್ನ ಎರಡು ಸರ್ತಿ ಕರದಾನ, ಏನಂತ ಹೇಳಿಲ್ಲ. ಹೇಳೂತನಾ ನಾ ಕಾಯಾವ," ಎಂದರು. ನಗುತ್ತಿದ್ದವರು ಆಗಲೂ ನಕ್ಕರು. ಆದರೆ ಆ ನಗುವಿನಲ್ಲಿ ನಾನೂ ಇದ್ದೆ. ಆಮೇಲೆ ಓಣಿಯಲ್ಲಿ, ಪೇಟೆಯಲ್ಲಿ, ನನ್ನ ಮದುವೆಯ ಅಕ್ಷತೆಯ ಹೊತ್ತಿನಲ್ಲಿ ಕೂಡ, ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು: "ಮುಂದ ಏನ್ ಹೇಳಾಂವ ಇದ್ದಿ, ತಮ್ಮಾ?"

ಹೀಗೆ ಮಾತು ಮರೆತವನು ಬೆಳೆದು ರೋಣದ ಕಾಲೇಜೊಂದರಲ್ಲಿ ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡ. ಕಲಿಸುವುದು ವಾಣಿಜ್ಯಶಾಸ್ತ್ರ, ಪ್ರಾವೀಣ್ಯವಿರುವುದು ಚಿಂತೆಯಲ್ಲಿ. ಹೊಳೆಯ ಉಳಿವಿಗಾಗಿ ವಿದ್ಯಾರ್ಥಿ ಸಮ್ಮೇಳನ ಮಾಡಬೇಕೆಂದು ಠರಾವಾದಾಗ ಪ್ರಾಚಾರ್ಯರು ಸಂಚಾಲಕತ್ವವನ್ನು ನನಗೇ ಒಪ್ಪಿಸಿದರು. ನೀವು ಹೇಗೂ ನಿದ್ದೆ ಮಾಡುವುದಿಲ್ಲ, ಈ ಕೆಲಸವೂ ಇರಲಿ ಎಂದರು. ಮನೆಯಲ್ಲಿ ಹೇಳಿದಾಗ ಹೆಂಡತಿ ಬಿಪಿ ಗುಳಿಗೆಯ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಎಷ್ಟು ಉಳಿದಿವೆ ಎಂದು ನೋಡಿದಳು.

ಇಂಥ ಸಮ್ಮೇಳನಗಳು ಹೇಗೆ ನಡೆಯುತ್ತವೆಂಬುದು ನಮ್ಮ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಹೆಸರು ವಿದ್ಯಾರ್ಥಿಗಳದು. ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವಾನ್ವಿತ ಅತಿಥಿಗಳು, ವಿಶೇಷ ಆಹ್ವಾನಿತರು ಸರದಿಯಾಗಿ ಎದ್ದು ನದಿಯನ್ನು ತಾಯಿ ಎಂದು ಕರೆಯುತ್ತಾರೆ. ಊಟವಾಗುತ್ತದೆ. ಅತಿಥಿಗಳ ಗಾಡಿಗಳು ಹೊರಡುತ್ತವೆ. ಆಮೇಲೆ ಅರ್ಧ ಖಾಲಿಯಾದ ಸಭೆಯಲ್ಲಿ, ಮೈಕಿನವನು ವಾಯರು ಸುತ್ತುತ್ತಿರುವಾಗ, ಹುಡುಗರು ಬರೆದುಕೊಂಡು ಬಂದದ್ದನ್ನು ಓಡಿಸಿಕೊಂಡು ಓದುತ್ತಾರೆ; ಬಸ್ಸಿನ ಹೊತ್ತಾಗಿದ್ದರೆ ಅದೂ ಇಲ್ಲ, ಪ್ರಮಾಣಪತ್ರ ತೆಗೆದುಕೊಂಡು ಹೋಗುತ್ತಾರೆ.

ನಮ್ಮ ಬಿ.ಎ. ಕೊನೆಯ ವರ್ಷದಲ್ಲಿ ಹೊಳೆದಂಡೆಯ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಹೊಳೆ ಏರಿ ಏರಿ ಬಂದು, ಅವರ ಊರು ಎದ್ದು ಮೇಲಿನ ದಿಬ್ಬಕ್ಕೆ ಹೋಗಿತ್ತು. ಹೊಸ ಜಾಗದಲ್ಲೂ ಮೊಣಕಾಲು ನೀರು ನೋಡಿಯಾಗಿತ್ತು. ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ. ನೀರಾವರಿ ಇಲಾಖೆಯ ಸಾಹೇಬರು ಅತಿಥಿಯಾಗಿ ಬರುತ್ತಾರಲ್ಲ, ಅವರಿರುವಾಗಲೇ ತನಗೆ ಮಾತಾಡಲು ಸಿಗುತ್ತದೆಯೇ ಎಂದು. ಊರಿನವರು ಅರ್ಜಿ ಕೊಟ್ಟು ಕೊಟ್ಟು ಸೋತಿದ್ದರು, ಮಳೆಗಾಲ ಮುಂದಿತ್ತು, ಆ ಸಾಹೇಬರು ಎದುರಿಗೆ ಕೂತು ಕೇಳುವುದು ಇದೊಂದೇ ಸಲ.

"ಸಿಗ್ತೈತವಾ," ಎಂದೆ. ಸಾಹೇಬರು ಊಟಕ್ಕೂ ನಿಲ್ಲದೆ ಹೊರಡುವವರೆಂದು ನನಗೆ ಗೊತ್ತಿತ್ತು.

ಆಮಂತ್ರಣ ಕೊಡಲು ನರಗುಂದಕ್ಕೆ ಹೋದಾಗ ಅಧ್ಯಕ್ಷರು ಅಂಗಡಿಯ ಗಾದಿಯ ಮೇಲಿದ್ದರು. ಹೊರಗೆ ಕಡಲೆಯ ಚೀಲ ಇಳಿಸುತ್ತಿದ್ದರು. ದೂಳಿಗೆ ನಾನು ಸೀನುತ್ತಿದ್ದೆ, ಅವರಿಗೆ ಏನೂ ಇಲ್ಲ. ಕನ್ನಡಕ ಏರಿಸಿ ಆಮಂತ್ರಣವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅತಿಥಿಗಳ ಹೆಸರುಗಳ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಸಮಯಾವಕಾಶವಿದ್ದಲ್ಲಿ ವಿದ್ಯಾರ್ಥಿಗಳಿಂದ ಪ್ರಬಂಧ ಮಂಡನೆ' ಎಂದಿತ್ತು. ಅದರ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ವೇಳೆ ಸಿಕ್ಕರೆ ಹುಡುಗರೂ ಮಾತಾಡುತ್ತಾರೆ ಎಂದು ವಿವರಿಸಿದೆ.

"ಸಿಗಂಗಿಲ್ಲ," ಎಂದರು.

ನಾನು ಹುಡುಗಿಯ ಸಂಗತಿ ಹೇಳಿದೆ. ಇಷ್ಟು ಮಂದಿ ದೊಡ್ಡವರನ್ನು ಕರೆದಾಗಿದೆ, ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ಸಿಟ್ಟು, ನನ್ನ ಕೈಯಲ್ಲಿ ಏನಿದೆ ಎಂದು ಗೋಳಾಡಿದೆ. ಅವರು ಕೇಳಿಸಿಕೊಂಡರು. ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. ಬರುತ್ತೇನೆ ಎಂದಷ್ಟೇ ಹೇಳಿ, ನನಗೆ ಮಜ್ಜಿಗೆ ತರಿಸಿದರು.

ಆ ದಿನ ಎಲ್ಲವೂ ಸರಿಯಾಗಿಯೇ ಶುರುವಾಯಿತು. ಅದೇ ನನಗೆ ಭಯ. ಗಜೇಂದ್ರಗಡದ ಬಸ್ಸು ಬಂತು. ನರಗುಂದದವರು ಒಣಗಿದ ತಲೆಗೂದಲಿನೊಡನೆಯೇ ಒಳಗೆ ಬಂದು ಕೂತರು. ಉದ್ಘಾಟನೆಗೆ ದೀಪದ ಬದಲು ಹೊಳೆಯ ನೀರನ್ನು ಒಂದು ಸಸಿಗೆ ಹಾಕಿಸಿದೆವು. ಆಮೇಲೆ ಸತ್ಕಾರ. ಸತ್ಕಾರ ಎಂದರೆ ಏನು, ವೇದಿಕೆಯ ಮೇಲಿದ್ದ ಪ್ರತಿಯೊಬ್ಬರಿಗೂ ಹಾರ, ಶಾಲು, ಹಣ್ಣು, ಪುಸ್ತಕ. ಕೊಡುವವರನ್ನು ಕರೆಯಲು ಒಬ್ಬರು, ಕೊಟ್ಟವರನ್ನು ಹೊಗಳಲು ಇನ್ನೊಬ್ಬರು. ನಾನು ಮೈಕಿನ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದೆ, ಸಾಹೇಬರು ತಮ್ಮ ಫೋನು ನೋಡುತ್ತಿದ್ದರು, ಆ ಹುಡುಗಿ ಮುಂದಿನ ಸಾಲಿನ ತುದಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟದ್ದು ಈ ಮೂರನೆಯದು.

ಯಾರ ನಂತರ ಯಾರು ಎಂಬುದನ್ನು ನಾನು ಗಟ್ಟಿ ಕಾಗದದ ತುಂಡುಗಳ ಮೇಲೆ ಬರೆದು ಜೋಡಿಸಿ ಇಟ್ಟುಕೊಂಡಿದ್ದೆ. ಕ್ರಮ ತಪ್ಪಿದೆಯೋ ಎಂದು ಹಿಂದಿನ ಸಂಜೆ ಒಮ್ಮೆ ನೋಡಿದೆ. ಮುಂಜಾನೆ ಮತ್ತೆ ನೋಡಿದೆ. ವೇದಿಕೆಯ ಹಿಂದೆ ನಿಂತು ಇನ್ನೊಮ್ಮೆ ನೋಡಿದೆ. ಹೀಗೆ ನೋಡಿ ನೋಡಿ ಕಲಸಿಹೋಗಿದ್ದು ನನಗೆ ಗೊತ್ತಾಗಲಿಲ್ಲ. ಸತ್ಕಾರ ಮುಗಿಯಿತು. ಮೇಲಿನ ತುಂಡನ್ನು ತೆಗೆದು ಗಟ್ಟಿಯಾಗಿ ಓದಿದೆ: "ಈಗ ಅಧ್ಯಕ್ಷೀಯ ನುಡಿಗಳು."

ಓದಿದ ಮೇಲೆ ತಿಳಿಯಿತು. ಅಧ್ಯಕ್ಷರ ಮಾತೆಂದರೆ ಸಭೆಯ ಕೊನೆಯ ಮಾತು. ಅದಾದ ಮೇಲೆ ವಂದನೆ ಹೇಳುವವನ ಹೊರತು ವೇದಿಕೆಯ ಮೇಲಿನವರು ಯಾರೂ ಬಾಯಿ ತೆರೆಯುವಂತಿಲ್ಲ. ತೆರೆದರೆ ಅಧ್ಯಕ್ಷ ಪೀಠಕ್ಕೆ ಅವಮಾನ. ಈ ಪದ್ಧತಿಯನ್ನು ನಮ್ಮ ಕಡೆ ಮುರಿದವರನ್ನು ನಾನು ನೋಡಿಲ್ಲ. ನಮ್ಮ ಕಾಲೇಜು ಸಂಸ್ಥೆಯ ಕಾರ್ಯದರ್ಶಿಗಳು ನನ್ನ ಕಡೆ ಕಣ್ಣು ಕಿಸಿದರು. ಮುಖ್ಯ ಅತಿಥಿಗಳು ಭಾಷಣದ ಹಾಳೆಗಳನ್ನು ಆಗಲೇ ಕೈಗೆ ತೆಗೆದುಕೊಂಡಿದ್ದರು. ನಾನು ಮೈಕಿನ ಕಡೆ ಮತ್ತೆ ಬಾಗಿ, ಕ್ಷಮಿಸಬೇಕು ಎನ್ನಲು ಹೊರಟೆ.

ಅಷ್ಟರಲ್ಲಿ ಅಧ್ಯಕ್ಷರು ಎದ್ದಿದ್ದರು.

ಈ ಮೂರು ತಾಲೂಕುಗಳಲ್ಲಿ ಸಭೆಯ ಕ್ರಮ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಿಧಾನವಾಗಿ ಬಂದರು. ನನ್ನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು.

"ಅಧ್ಯಕ್ಷ ಮಾತಾಡಿದ ಮ್ಯಾಲೆ ಅತಿಥಿಗಳು ಮಾತಾಡೂದು ಪದ್ಧತಿ ಅಲ್ಲ," ಎಂದರು. "ಹಿರಿಯರಿಗೆ ಗೊತ್ತೈತಿ. ಹುಡುಗರು ಅತಿಥಿಗಳಲ್ಲ, ಅವರಿಗೆ ಆ ಪದ್ಧತಿ ಹತ್ತಂಗಿಲ್ಲ. ನನ್ನ ಮಾತು ಮುಗೀತು. ಇನ್ನ ಹುಡುಗರು ಮಾತಾಡ್ಲಿ. ಹೊಳಿ ದಂಡೀ ಮ್ಯಾಲಿನವರು ಮೊದಲ."

ಮುಖ್ಯ ಅತಿಥಿಗಳು ಹಾಳೆಗಳನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಅಧ್ಯಕ್ಷರು ತಮ್ಮ ಕುರ್ಚಿಗೆ ಮರಳಲಿಲ್ಲ. ಮೆಟ್ಟಿಲ ಕಡೆ ಹೊರಟರು. ಬೀಳುತ್ತಾರೆ, ಸೊಂಟ ಮುರಿಯುತ್ತದೆ, ಹುಬ್ಬಳ್ಳಿಯ ದವಾಖಾನೆಗೆ ಒಯ್ಯಬೇಕಾಗುತ್ತದೆ ಎಂದು ನಾನು ಓಡಿಹೋಗಿ ಕೈ ಹಿಡಿದೆ. ಎಲ್ಲಿಗೆ ಎಂದು ಕೇಳಿದೆ.

"ಕೆಳಗ ಕುಂದರ್ತೀನಿ. ಮೈಕಿನ ಡಬ್ಬಿಗೋಳು ಮಂದೀ ಕಡೆ ಮಕಾ ಮಾಡ್ಯಾವು, ಮ್ಯಾಲೆ ಕುಂತಾವರಿಗೆ ಏನೂ ಕೇಳಂಗಿಲ್ಲ," ಎಂದರು. ಒಂದು ಮೆಟ್ಟಿಲು ಇಳಿದರು. "ಇಷ್ಟು ವರ್ಷ ಕೇಳಿದಂಗ ಮಾಡೀನಿ."

ನಾನು ಅವರನ್ನು ನೋಡಿದೆ. ಅಲುಗದೆ ಕೂತು ಕೇಳುತ್ತಾರೆಂದು ನಾವೆಲ್ಲ ಹೊಗಳುತ್ತಿದ್ದ ಆ ಮುಖದಲ್ಲಿ ನಗುವಿರಲಿಲ್ಲ. ಮುಂದಿನ ಸಾಲಿನಲ್ಲಿ ಹುಡುಗರು ಸರಿದು ಜಾಗ ಕೊಟ್ಟರು.

ಆ ಹುಡುಗಿ ಮೈಕಿನ ಮುಂದೆ ನಿಂತಳು. ನಾನು ಪರದೆಯ ಬದಿಗೆ ನಿಂತು, ಆಕೆಯೂ ಮರೆತರೆ ಹೇಳಿಕೊಡಲೆಂದು ಮೊದಲ ಸಾಲನ್ನು ಬಾಯಲ್ಲೇ ಹಿಡಿದುಕೊಂಡಿದ್ದೆ. ಹೊಳೆ ತಾಯಿ ಎಂದು ಬರೆದುಕೊಂಡು ಬಂದಿದ್ದೇನೆ, ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ ಎಂದು ಶುರು ಮಾಡಿದಳು. ಅವರ ಅಮ್ಮನ ಕಾಲಕ್ಕೆ ಹೊಳೆಗೂ ಹೊಲಕ್ಕೂ ನಡುವೆ ದನ ಮೇಯುವಷ್ಟು ದಂಡೆ ಇತ್ತಂತೆ. ಈಗ ಟ್ರ್ಯಾಕ್ಟರು ನೀರಿನ ಅಂಚಿಗೆ ಹೋಗಿ ತಿರುಗುತ್ತದೆ. ಹೊಳೆಯ ಒಳಗೆ ಆಳೆತ್ತರ ಜಾಲಿಕಂಟಿಯ ಪೊದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದು ಹೋಗುವುದಾದರೂ ಎಲ್ಲಿಗೆ?

"ಹೊಳಿ ಊರಾಗ ಬಂತು ಅಂತಾರ್ರಿ ಎಲ್ಲಾರೂ," ಎಂದಳು. "ಮೊದಲ ನಾವು ಹೊಳ್ಯಾಗ ಹೋಗೇವಿ. ನಮ್ಮಪ್ಪನೂ ಹೋಗ್ಯಾನ. ನಮ್ಮ ಹೊಲದವೂ ಎರಡು ಸಾಲು ಹೊಳ್ಯಾಗ ಅದಾವು."

ಇಷ್ಟು ಜನರ ಮುಂದೆ ಅಪ್ಪನ ಹೆಸರಿಗೆ ಕುಂದು ತರುವ ಮಾತನ್ನು ತಾನೇ ಆಡಿದಳು. ನಾಳೆ ಆ ಅಪ್ಪ ಮನೆಯ ಬಾಗಿಲಿಗೆ ಬರುವುದು ನನ್ನ ಕಣ್ಣಿಗೆ ಕಟ್ಟಿತು. ಆಕೆ ನಿಲ್ಲಲಿಲ್ಲ. ಮಳೆಗೆ ಮೊದಲು ಕಂಟಿ ಕಡಿಸಿರಿ, ಹೊಳೆಯ ಗಡಿ ಇಷ್ಟು ಎಂದು ಕಲ್ಲು ನೆಡಿರಿ, ನಮ್ಮ ಹೊಲದಿಂದಲೇ ಶುರು ಮಾಡಿರಿ ಎಂದು ವೇದಿಕೆಯ ಕಡೆ ಅರ್ಧ ತಿರುಗಿ ಹೇಳಿದಳು. ಮತ್ತೆ ಸಭೆಯ ಕಡೆ ತಿರುಗಿ, ಹೊಳೆಯೊಳಗೆ ಯಾರ ಯಾರ ಸಾಲುಗಳಿವೆಯೋ ಅವರು ಕೈ ಎತ್ತಬೇಕು ಎಂದಳು.

ಇದು ಆಕೆ ಬರೆದುಕೊಂಡು ಬಂದದ್ದರಲ್ಲಿ ಇರಲಿಲ್ಲ. ನಾನು ತಿದ್ದಿಕೊಟ್ಟಿದ್ದೆನಲ್ಲ, ನನಗೆ ಗೊತ್ತು. ಯಾರೂ ಎತ್ತಲಿಲ್ಲ. ಹೊಲಗಳಿದ್ದ ಹಿರಿಯರು ಆ ಸಭೆಯಲ್ಲಿ ಸಾಕಷ್ಟಿದ್ದರು, ವೇದಿಕೆಯ ಮೇಲೆಯೂ ಇದ್ದರು. ಒಬ್ಬರು ಮೇಲಿನ ಫ್ಯಾನನ್ನು ನೋಡತೊಡಗಿದರು. ಹುಡುಗಿಯ ಮುಖ ಬಾಡುತ್ತಾ ಬಂತು.

ಆಗ ಮುಂದಿನ ಸಾಲಿನಿಂದ ಒಂದು ಮುದಿ ಕೈ ಎದ್ದಿತು, ಶಾಲೆಯ ಹುಡುಗನ ಹಾಗೆ ನೆಟ್ಟಗೆ.

"ನಂದು ಹೊಳಿ ಅಲ್ಲವಾ, ಹಳ್ಳ," ಎಂದರು ಅಧ್ಯಕ್ಷರು. "ಬೆಣ್ಣೆಹಳ್ಳ. ನಡೀತೈತೇನು?"

"ನಡೀತೈತ್ರೀ ಅಜ್ಜಾರ," ಎಂದಳು ಹುಡುಗಿ. "ಅದೂ ಬಂದು ಹೊಳೀಗೆ ಕೂಡ್ತೈತಿ."

ಜನ ನಕ್ಕರು. ನಗುವಿನ ನಡುವೆಯೇ ಹಿಂದಿನಿಂದ ಒಂದು ಕೈ, ಗೋಡೆಯ ಕಡೆಯಿಂದ ಇನ್ನೊಂದು. ಫ್ಯಾನು ನೋಡುತ್ತಿದ್ದವರು ಕೊನೆಗೆ ಕೈಯನ್ನು ಕಿವಿಯವರೆಗೆ ತಂದು, ಕೆರೆದುಕೊಂಡಂತೆ ಮಾಡಿ ಇಳಿಸಿದರು. ಅದನ್ನೂ ನಾನು ಲೆಕ್ಕಕ್ಕೆ ಹಿಡಿದೆ. ನೀರಾವರಿಯ ಸಾಹೇಬರು ಫೋನನ್ನು ಕಿಸೆಯಲ್ಲಿಟ್ಟಿದ್ದರು. ಭಾಷಣ ಮಾಡುವಂತಿಲ್ಲ, ಎದ್ದು ಹೋದರೆ ಚೆನ್ನಾಗಿರುವುದಿಲ್ಲ; ಅವರಿಗೆ ಕೇಳುವುದೊಂದೇ ಉಳಿದಿತ್ತು. ಕೇಳಿದರು. ಗಜೇಂದ್ರಗಡದ ನೇಕಾರರ ಮನೆಯ ಹುಡುಗರು ಬಣ್ಣದ ನೀರು ಯಾವ ಗಟಾರಿಗೆ ಹೋಗುತ್ತದೆಂದು ಹೇಳಿದ್ದನ್ನೂ, ನರಗುಂದದವರು ಕಾಲುವೆಯ ನೀರು ಹೆಚ್ಚಾಗಿ ಹೊಲ ಉಪ್ಪೇರಿ ಸವಳಾದದ್ದನ್ನೂ ಕೇಳಿದರು. ಊಟಕ್ಕೆ ನಿಂತರು. ಕಡಕ್ ರೊಟ್ಟಿ ಮುರಿಯುತ್ತಾ ಹುಡುಗಿಯನ್ನು ಕರೆದು ಊರಿನ ಕೆಳಗೆ ಎಲ್ಲಿಂದ ಎಲ್ಲಿಯವರೆಗೆ ಕಂಟಿ ಇದೆ ಎಂದು ವಿಚಾರಿಸಿದರು.

ಮಳೆಗಾಲಕ್ಕೆ ಮುಂಚೆ ಯಂತ್ರ ಬಂತು. ಅವರ ಊರಿನ ಕೆಳಗಿನ ಜಾಲಿಯನ್ನು ಒಂದಷ್ಟು ದೂರ ಕಿತ್ತು, ಅಲ್ಲಿಗೆ ನಿಂತಿತು. ಗಡಿಕಲ್ಲು ಇನ್ನೂ ಬಂದಿಲ್ಲ. ಆ ಸಲದ ಮಳೆಯಲ್ಲಿ ಹೊಳೆ ಅವರ ಹೊಸ್ತಿಲ ತನಕ ಬಂದು ತಿರುಗಿತಂತೆ. ಹುಡುಗಿಯ ಅಪ್ಪ ನಮ್ಮ ಮನೆಗೆ ಬಂದದ್ದೂ ನಿಜ, ಒಂದು ಚೀಲ ಸವತೆಕಾಯಿ ಹೊತ್ತುಕೊಂಡು. ನಾನು ಆಗ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿದ್ದೆ.

ಅಂದು ಮಧ್ಯಾಹ್ನ ಅಧ್ಯಕ್ಷರನ್ನು ಗಾಡಿ ಹತ್ತಿಸುವಾಗ ನಾನು ತಡೆಯಲಾರದೆ ತಪ್ಪೊಪ್ಪಿಕೊಂಡೆ. ಕಾಗದ ಹಿಂದುಮುಂದಾಗಿ ನಿಮ್ಮ ಹೆಸರು ಮೊದಲೇ ಬಂತು, ಬೇಕೆಂದು ಮಾಡಿದ್ದಲ್ಲ ಎಂದೆ.

"ತಪ್ಪಾಗಿದ್ದು ಯಾರಿಗೆ ಗೊತ್ತೈತಿ? ನಿನಗೊಬ್ಬಗ," ಎಂದರು. "ನೀ ಕರದಿ, ನಾ ಎದ್ದೆ. ಸಭಾದಾಗ ಅಷ್ಟ ಇರತೈತಿ."

ಅದೇ ಅವರ ಕೊನೆಯ ಅಧ್ಯಕ್ಷತೆಯೆಂದು ಆಗ ಯಾರಿಗೆ ಗೊತ್ತಿತ್ತು. ಮೊಣಕಾಲು ನೋವು ಹೆಚ್ಚಾಯಿತು. ಕರೆಯಲು ಹೋದವರಿಗೆಲ್ಲ ಈಗ ಬ್ಯಾಡ್ರಿ ಎನ್ನತೊಡಗಿದರು. ಸಂಕ್ರಾಂತಿಗೆ ಮುಂಚೆ, ಒಂದು ಬೆಳಿಗ್ಗೆ, ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಹೋದರು. ಗಿರಾಕಿಗಳಿಗೆ ಕೂಡಲೇ ತಿಳಿಯಲಿಲ್ಲವಂತೆ. ಅವರು ಕೂರುತ್ತಿದ್ದದ್ದೇ ಹಾಗೆ.

ಹೋದವರ ಹೆಸರಿನ ಶಿವಗಣಾರಾಧನೆಗೆ ಮುಂಚೆ ಮಗ ಫೋನು ಮಾಡಿದ. ಆ ಸಲ ಅಪ್ಪ ಹಳ್ಳದ ಅಂಚಿಗೆ ಬಿತ್ತಲು ಬಿಡಲಿಲ್ಲವೆಂದೂ, ಅದಕ್ಕೆ ತಾನು ಜಗಳಾಡಿದ್ದಾಗಿಯೂ ಹೇಳಿದ. "ಅಪ್ಪ ಅಧ್ಯಕ್ಷರಾಗಿ ಕುಂತಿದ್ದ ಫೋಟೋ ಮನ್ಯಾಗ ರಗಡ ಅದಾವ್ರೀ ಸರ. ಆದರ ಅವರು ಮಾತೆತ್ತಿದರ ಆ ಹೊಳಿ ಸಭಾದ್ದ ಹೇಳ್ತಿದ್ರು. ಅದರದೊಂದು ಕೊಡ್ರಿ, ಪೂಜಾಕ್ಕ ಅದನ್ನ ಇಡೋಣಂತ."

ಕೊಡುತ್ತೇನೆ ಎಂದು ಕಂಪ್ಯೂಟರು ತೆರೆದು ಕೂತೆ. ಫೋಟೋ ತೆಗೆಯುವ ಹುಡುಗ ಅಂದು ಒಂದು ಸೀಮಂತ ಮುಗಿಸಿ ತಡವಾಗಿ ಬಂದಿದ್ದ. ಅವನು ಬರುವ ಹೊತ್ತಿಗೆ ಅಧ್ಯಕ್ಷರ ಮಾತು ಮುಗಿದಿತ್ತು. ಬಂದವನ ಕಿವಿಯಲ್ಲಿ ನಾನೇ ಹೇಳಿದ್ದೆ: ಹಿಂದಿನ ಸಾಲುಗಳು ತುಂಬಿಲ್ಲ, ಖಾಲಿ ಕುರ್ಚಿ ಒಂದೂ ಫೋಟೋದಲ್ಲಿ ಬರಬಾರದು, ಸ್ಟೇಜು ಬಿಟ್ಟು ಬೇರೆ ಕಡೆ ಕ್ಯಾಮೆರಾ ತಿರುಗಿಸಬೇಡ. ಹೇಳಿದಷ್ಟನ್ನೇ ಮಾಡುವ ಹುಡುಗ. ಎಲ್ಲ ಫೋಟೋಗಳೂ ಸ್ಟೇಜಿನವೇ. ಬೆಳಕು ಸರಿಯಾಗಿದೆ, ಅತಿಥಿಗಳು ಸ್ಪಷ್ಟವಾಗಿದ್ದಾರೆ, ಮತ್ತು ಎಲ್ಲದರಲ್ಲೂ ನಟ್ಟನಡುವೆ ಒಂದು ದೊಡ್ಡ ಖಾಲಿ ಕುರ್ಚಿ. ವಿದ್ಯಾರ್ಥಿಗಳ ಮೊಬೈಲಿನಲ್ಲಾದರೂ ಒಂದು ಸಿಗಬೇಕಿತ್ತು. ಭಾಷಣದ ನಡುವೆ ರಿಂಗಾದೀತೆಂದು ಅವನ್ನೆಲ್ಲ ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿದವನೂ ನಾನೇ.

ಅಷ್ಟೆಲ್ಲ ಹೆದರಿದ ಆ ದಿನದಲ್ಲಿ ಕೆಟ್ಟದ್ದು ಇದೊಂದು. ಮಗನಿಗೆ ಏನು ಕಳಿಸಲಿ ಎಂದು ಎದ್ದು ಓಡಾಡಿ, ಕೂತು, ಮತ್ತೆ ಓಡಾಡಿದೆ. ಕೊನೆಗೆ ಆ ಹುಡುಗಿ ಮೈಕಿನ ಮುಂದೆ ನಿಂತು, ಸ್ವಲ್ಪ ಬಾಗಿ, ಕೆಳಗಿನ ಸಾಲಿನ ಕಡೆ ನೋಡಿ ನಗುತ್ತಿರುವ ಒಂದನ್ನು ಆರಿಸಿ ಕಳಿಸಿದೆ. ಅದರ ಕೆಳಗೆ ಬರೆದೆ: ಅಪ್ಪಾರು ಇದರಲ್ಲಿ ಕಾಣುವುದಿಲ್ಲ. ಈಕೆ ನೋಡುತ್ತಿದ್ದಾಳಲ್ಲ, ಅಲ್ಲಿದ್ದಾರೆ.